ಅಪ್ಪ, ಮೂವರು ಮಕ್ಕಳು ಮತ್ತು ಪುಣೆ

ಕ್ಯಾಮೆರಾದ ಮುಂದೆ ನಾಲ್ವರಿದ್ದಾರೆ. ಕೂತವನು ಅಪ್ಪ. ತಲೆಗೆ ರುಮಾಲು, ಮುಖ ತುಂಬ ಗಡ್ಡ, ಮೈಮೇಲೆ ಉದ್ದನೆಯ ಬಾಗ್ದಾದಿ ನಿಲುವಂಗಿ. ಜೊತೆಯಲ್ಲಿ ಮೂವರು ಗಂಡುಮಕ್ಕಳು. ಹತ್ತೊಂಬತ್ತನೆಯ ಶತಮಾನದ ನಡುಭಾಗವಿದು. ಫೋಟೋ ತೆಗೆಯುವುದು ಇನ್ನೂ ಹೊಸ ವಿದ್ಯೆ. ಮುಂಬಯಿಯಲ್ಲಿ ಫೋಟೋಗ್ರಾಫರುಗಳ ಸಂಘ ಹುಟ್ಟಿದ್ದೇ 1854ರಲ್ಲಿ. ಬೆಳಕು ಅಚ್ಚಾಗುವವರೆಗೆ ಮಿಸುಕಾಡುವಂತಿಲ್ಲ. ತಲೆ ಅಲುಗಿದರೆ ಮುಖ ಮಸುಕಾದೀತು. ಯಾರೂ ನಗುತ್ತಿಲ್ಲ.

ಮುಖ ಬಿಡಿ, ಬಟ್ಟೆ ನೋಡಿ. ಹಿರಿಯವನು ಅಬ್ದುಲ್ಲಾ, ಎರಡನೆಯವನು ಎಲಿಯಾಸ್. ಇಬ್ಬರೂ ಅಪ್ಪನಂತೆಯೇ ನಿಲುವಂಗಿಯಲ್ಲಿದ್ದಾರೆ. ಮೂರನೆಯವನು, ಸಸೂನ್ ಡೇವಿಡ್, ಇಂಗ್ಲಿಷರ ಉಡುಪಿನಲ್ಲಿದ್ದಾನೆ. ಈ ಮನೆತನದಲ್ಲಿ ಕೋಟು ತೊಟ್ಟ ಮೊದಲಿಗ ಇವನೇ. ಅಣ್ಣಂದಿರು ಹುಟ್ಟಿದ್ದು ಬಾಗ್ದಾದಿನಲ್ಲಿ. ಇವನು ಹುಟ್ಟಿದ್ದು 1832ರಲ್ಲಿ, ಮನೆಯವರು ಆ ಊರು ಬಿಟ್ಟ ಮೇಲೆ.

ಕೂತಿರುವ ಹಿರಿಯನ ಹೆಸರು ಡೇವಿಡ್ ಸಸೂನ್. ಅವನ ತಂದೆ ಬಾಗ್ದಾದಿನ ಪಾಷಾಗಳ ಖಜಾನೆ ನೋಡಿಕೊಳ್ಳುತ್ತಿದ್ದ ಯೆಹೂದಿ ಮುಖಂಡ. ಪಾಷಾ ದಾವೂದನ ಕಿರುಕುಳ ಜೋರಾದಾಗ ಡೇವಿಡ್ ಪಾರಾಗಿ ಪರ್ಷಿಯಾದ ಬುಶೇರ್ ಬಂದರು ಸೇರಿಕೊಂಡ. ಅಲ್ಲಿಂದ 1832ರ ಸುಮಾರಿಗೆ ಸಂಸಾರದೊಂದಿಗೆ ಮುಂಬಯಿಗೆ ಬಂದ. ಇಪ್ಪತ್ತು ವರ್ಷ ದಾಟಿ, 1853ರಲ್ಲಿ, ಬ್ರಿಟಿಷ್ ಪ್ರಜೆಯಾಗುವ ಕಾಗದ ಅವನ ಮುಂದೆ ಬಂದಿದೆ. ಲೇಖನಿ ಹಿಡಿಯುತ್ತಾನೆ, ಇಂಗ್ಲಿಷ್ ಬರೆಯಲು ಬರುವುದಿಲ್ಲ. ಬಲದಿಂದ ಎಡಕ್ಕೆ, ಹೀಬ್ರೂ ಅಕ್ಷರಗಳಲ್ಲಿ ರುಜು ಹಾಕುತ್ತಾನೆ.

ಅವನ ಪೇಢಿಗೆ ಬನ್ನಿ. ಇಲ್ಲಿಯ ಪತ್ರಗಳೂ ಹಾಗೆಯೇ: ಮಾತು ಅರಬ್ಬಿ, ಲಿಪಿ ಹೀಬ್ರೂ. ಹೊರಗಿನವನ ಕೈಗೆ ಸಿಕ್ಕರೂ ಧಾರಣೆಯ ಗುಟ್ಟು ಬಿಟ್ಟುಕೊಡುವುದಿಲ್ಲ. ವ್ಯಾಪಾರ ಹತ್ತಿಯದು, ಬಟ್ಟೆಯದು. ಎಲ್ಲಕ್ಕಿಂತ ಲಾಭದ್ದು ಅಫೀಮು. ಮಾಳ್ವದ ಹೊಲಗಳಲ್ಲಿ ಗಸಗಸೆಯ ಕಾಯಿ ಗೀರಿ ಇಳಿಸಿದ ಹಾಲು ಗಟ್ಟಿಯಾಗಿ, ಪೆಟ್ಟಿಗೆ ಸೇರಿ, ಮುಂಬಯಿ ಬಂದರಿನಿಂದ ಚೀನಾಕ್ಕೆ ಹೋಗುತ್ತದೆ. ಚೀನಾ ಬೇಡವೆಂದಿತ್ತು. 1839ರಿಂದ 1842ರವರೆಗೆ ಯುದ್ಧ ಮಾಡಿದ ಬ್ರಿಟನ್ ಅದರ ಬಂದರುಗಳ ಬಾಗಿಲು ತೆರೆಸಿತು. ಎರಡೇ ವರ್ಷದಲ್ಲಿ, 1844ರಲ್ಲಿ, ಎಲಿಯಾಸ್ ಚೀನಾಕ್ಕೆ ಹೊರಟ. ಫೋಟೋದಲ್ಲಿ ಅಪ್ಪನಂತೆಯೇ ಕಾಣುವ ಆ ಎರಡನೆಯ ಮಗನೇ ಅಪ್ಪನ ಅಂಗಡಿಯನ್ನು ಅಷ್ಟು ದೂರಕ್ಕೆ ಒಯ್ದವನು.

ಈಗ 1863. ಅಮೆರಿಕದಲ್ಲಿ ಅಂತರ್ಯುದ್ಧ ನಡೆದಿದೆ, ಅಲ್ಲಿಯ ಹತ್ತಿ ಲ್ಯಾಂಕಾಶೈರಿನ ಗಿರಣಿಗಳಿಗೆ ಬರುತ್ತಿಲ್ಲ. ಮುಂಬಯಿಯಲ್ಲಿ ಹತ್ತಿಯ ಧಾರಣೆ ಏರಿದ್ದೇ ಏರಿದ್ದು. ಧಾರವಾಡ, ಗದಗ ಕಡೆಯ ಅಂಡಿಗೆಗಳು ಘಟ್ಟ ಇಳಿದು ಕುಮಟಾ ಬಂದರಿನಲ್ಲಿ ಹಡಗು ಹತ್ತುತ್ತಿವೆ. ಮುಂಬಯಿಯ ಸಾಹುಕಾರರ ಕೈಯಲ್ಲಿ ದುಡ್ಡು ಹರಿದಾಡುತ್ತಿದೆ. ಅದೇ ವರ್ಷ ಭೋರ್ ಘಾಟಿನ ರೈಲುಹಾದಿಯೂ ತೆರೆಯಿತು. ಅಲ್ಲಿಯವರೆಗೆ ಖಂಡಾಲಾ ಹತ್ತಬೇಕಾದರೆ ಪಲ್ಲಕ್ಕಿಯೋ ಕುದುರೆಯೋ ಬೇಕಿತ್ತು. ಈಗ ಕೂತಲ್ಲೇ ಕೂತು ಸುರಂಗಗಳನ್ನು ದಾಟಬಹುದು. ಘಟ್ಟದ ಅರ್ಧದಲ್ಲಿ ರೈಲು ನಿಂತು, ದಿಕ್ಕು ತಿರುಗಿಸಿ, ಮತ್ತೆ ಏರುತ್ತದೆ. ಕಿಟಕಿಯಿಂದ ಬರುವ ಗಾಳಿ ತಂಪಾಗುತ್ತಿದೆ ಎಂದರೆ ಮುಂಬಯಿಯ ಧಗೆ ಕೆಳಗುಳಿಯಿತೆಂದೇ ಅರ್ಥ.

ಮಳೆಗಾಲದಲ್ಲಿ ಗವರ್ನರನ ದರ್ಬಾರು ನಡೆಯುವ ಊರು ಪುಣೆ. ಸಾಹೇಬರ ಹಿಂದೆ ಸಾಹುಕಾರರೂ ಘಟ್ಟ ಹತ್ತುತ್ತಾರೆ. ಹಿರಿಯ ಮಗ ಅಬ್ದುಲ್ಲಾ ಇಲ್ಲಿ ‘ಗಾರ್ಡನ್ ರೀಚ್’ ಎಂಬ ಬಂಗಲೆ ಕಟ್ಟಿಸುತ್ತಿದ್ದಾನೆ. ಅಪ್ಪ ಕಟ್ಟಿಸಹೊರಟದ್ದು ಬೇರೆ. ದಂಡು ಪ್ರದೇಶವಾದ ಕ್ಯಾಂಪಿನಲ್ಲಿ ಒಂದು ಸಿನಗಾಗ್, ಅಂದರೆ ಯೆಹೂದಿಗಳ ಪ್ರಾರ್ಥನಾ ಮಂದಿರ. ಸ್ಟೇಷನ್ನಿನ ಹತ್ತಿರ ಒಂದು ಆಸ್ಪತ್ರೆ. ಎರಡಕ್ಕೂ ಅಡಿಗಲ್ಲು ಬಿದ್ದದ್ದು 1863ರಲ್ಲೇ.

ಸಿನಗಾಗಿನ ಕೆಲಸ ನಡೆದಿರುವಾಗ ಹೋಗಿ ನಿಲ್ಲಿ. ಕೆಂಪು ಇಟ್ಟಿಗೆಯ ರಾಶಿ, ಸುಣ್ಣದ ಗಾರೆಯ ವಾಸನೆ, ಉಳಿಯ ಸದ್ದು. ನಕ್ಷೆ ಬರೆದವನು ಸೇನೆಯ ಎಂಜಿನಿಯರ್ ಹೆನ್ರಿ ಸೇಂಟ್ ಕ್ಲೇರ್ ವಿಲ್ಕಿನ್ಸ್. ಅವನ ಕಾಗದದಲ್ಲಿ ಏಳುತ್ತಿರುವುದು ಇಂಗ್ಲೆಂಡಿನ ಚರ್ಚಿನ ಅಂದದ ಗೋಥಿಕ್ ಕಟ್ಟಡ, ಮುಂದುಗಡೆ ತೊಂಬತ್ತು ಅಡಿಯ ಗಡಿಯಾರ ಗೋಪುರ. ನಿಲುವಂಗಿ ಬಿಡದ ಮುದುಕ ತನ್ನ ದೇವರ ಮನೆಗೆ ಮಾತ್ರ ಇಂಗ್ಲಿಷರ ಉಡುಪನ್ನೇ ತೊಡಿಸಿದ.

ಅದು ಮುಗಿದದ್ದನ್ನು ಅವನು ನೋಡಲಿಲ್ಲ. 1864ರ ನವೆಂಬರ್ 7ರಂದು ಪುಣೆಯಲ್ಲೇ ತೀರಿಕೊಂಡ. ಅವನನ್ನು ಅದೇ ಸಿನಗಾಗಿನ ಅಂಗಳದಲ್ಲಿ ಮಣ್ಣು ಮಾಡಿದರು.

1867ಕ್ಕೆ ಬನ್ನಿ. ಸಿನಗಾಗ್ ತೆರೆಯುತ್ತದೆ. ಆಸ್ಪತ್ರೆಯೂ ತೆರೆಯುತ್ತದೆ, 144 ರೋಗಿಗಳಿಗೆ ಜಾಗವಿದೆ. ಆ ವರ್ಷವೇ ಜೂನಿನಲ್ಲಿ ಕೋಟಿನ ಹುಡುಗ ಸಸೂನ್ ಡೇವಿಡ್ ಲಂಡನ್ನಿನಲ್ಲಿ ಸಾಯುತ್ತಾನೆ. ಇನ್ನೂ ಮೂವತ್ತೈದು ತುಂಬಿಲ್ಲ. ಆ ವರ್ಷವೇ ಎಲಿಯಾಸ್ ಅಣ್ಣನಿಂದ ಬೇರೆಯಾಗಿ ಸ್ವಂತ ಕಂಪನಿ ತೆರೆಯುತ್ತಾನೆ. ಅಪ್ಪನ ಹೆಸರು ಪುಣೆಯ ಎರಡು ಗೋಡೆಗಳ ಮೇಲೆ ಏರಿದ ವರ್ಷ ಫೋಟೋದ ಕುಟುಂಬ ಒಡೆಯಿತು.

ಅಬ್ದುಲ್ಲಾ ಆಲ್ಬರ್ಟ್ ಆದ. ಮುಂಬಯಿಯ ಕೊಲಾಬಾದಲ್ಲಿ 1875ರಲ್ಲಿ ಸಸೂನ್ ಡಾಕ್ ಕಟ್ಟಿಸಿದ, ಇಂಗ್ಲೆಂಡಿಗೆ ಹೋಗಿ ನೆಲಸಿದ, 1890ರಲ್ಲಿ ಬ್ಯಾರೊನೆಟ್ ಪದವಿ ಪಡೆದ. ಬ್ರೈಟನ್ನಿನಲ್ಲಿ ತನಗಾಗಿ ಗುಮ್ಮಟದ ಸಮಾಧಿಯನ್ನೂ ಕಟ್ಟಿಸಿಕೊಂಡ. ಮುಂದೆ ಅಸ್ಥಿಯನ್ನು ಲಂಡನ್ನಿಗೆ ಸಾಗಿಸಿದರು, ಕಟ್ಟಡ ಮಾರಾಟವಾಗಿ ಪಬ್ ಆಯಿತು. ಎಲಿಯಾಸ್ ಕೊಲಂಬೋದಲ್ಲಿ ಕಣ್ಣುಮುಚ್ಚಿದ. ಸಸೂನ್ ಡೇವಿಡನ ಮಗಳು ರೇಚಲ್ ಬಿಯರ್ ಲಂಡನ್ನಿನ ‘ಅಬ್ಸರ್ವರ್’, ‘ಸಂಡೇ ಟೈಮ್ಸ್’ ಎರಡೂ ಪತ್ರಿಕೆಗಳ ಸಂಪಾದಕಿಯಾದಳು. ಅವನ ಮೊಮ್ಮಗ ಸೀಗ್‌ಫ್ರಿಡ್ ಸಸೂನ್ ಮೊದಲ ಮಹಾಯುದ್ಧದ ಕಂದಕದಲ್ಲಿ ನಿಂತು ಯುದ್ಧದ ವಿರುದ್ಧ ಬರೆದ ಕವಿ. ಈ ಕವಿಯ ತಂದೆ ಯೆಹೂದಿಯಲ್ಲದವಳನ್ನು ಮದುವೆಯಾದದ್ದಕ್ಕೆ ಮನೆಯವರು ಆಸ್ತಿಯಲ್ಲಿ ಪಾಲು ಕೊಟ್ಟಿರಲಿಲ್ಲ.

ಫೋಟೋದಲ್ಲಿ ಹೆಂಗಸರಿಲ್ಲ. ಆದರೆ 1894ರಲ್ಲಿ ಗಂಡ ಸೊಲೊಮನ್ ತೀರಿಹೋದಾಗ ಮುಂಬಯಿಯ ಪೇಢಿಯನ್ನು ಹೊತ್ತು ನಡೆಸಿದವಳು ಡೇವಿಡನ ಸೊಸೆ ಫ್ಲೋರಾ.

ಇವತ್ತಿನ ಪುಣೆಯಲ್ಲಿ ಆಟೋ ಹತ್ತಿ ‘ಲಾಲ್ ದೇವಳ್’ ಎನ್ನಿ, ಕ್ಯಾಂಪಿನ ಕೆಂಪು ಗೋಪುರದ ಮುಂದೆ ಇಳಿಸುತ್ತಾರೆ. ಸಿನಗಾಗಿಗೆ ಊರು ಇಟ್ಟ ಹೆಸರು ಅದು. ಒಳಹೋಗಲು ಮೊದಲೇ ಅನುಮತಿ ಬೇಕು. ಅಂಗಳದಲ್ಲಿ ಡೇವಿಡನ ಸಮಾಧಿ ಹಾಗೆಯೇ ಇದೆ. ‘ಸಸೂನ್’ ಎಂದರೆ ಸ್ಟೇಷನ್ ಕಡೆ ತಿರುಗಿ ಸರ್ಕಾರಿ ಆಸ್ಪತ್ರೆಯ ಗೇಟಿಗೆ ಒಯ್ಯುತ್ತಾರೆ. ಈಗ ಅಲ್ಲಿ ಸಾವಿರಕ್ಕೂ ಹೆಚ್ಚು ಹಾಸಿಗೆ. ಕೇಸ್‌ಪೇಪರ್ ಕಿಟಕಿಯ ಮುಂದಿನ ಸಾಲಿನಲ್ಲಿ ನಿಂತವರಿಗೆ ಬಾಗ್ದಾದೂ ಬೇಡ, ಬ್ಯಾರೊನೆಟ್ಟೂ ಬೇಡ. ತಮ್ಮ ನಂಬರು ಬಂದರೆ ಸಾಕು.

ಈ ಆಸ್ಪತ್ರೆಯಲ್ಲೇ 1924ರ ಜನವರಿ 12ರ ರಾತ್ರಿ ಯರವಡಾ ಜೈಲಿನಿಂದ ತಂದ ಗಾಂಧೀಜಿ ಮೇಜಿನ ಮೇಲೆ ಮಲಗಿದ್ದಾರೆ. ಕರ್ನಲ್ ಮ್ಯಾಡಕ್ ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆ ಮಾಡುತ್ತಿದ್ದಾರೆ. ಹೊರಗೆ ಗುಡುಗು ಮಳೆ. ನಡುವೆ ಕರೆಂಟು ಹೋಗುತ್ತದೆ; ಟಾರ್ಚು ಹಿಡಿಯುತ್ತಾರೆ, ಅದೂ ಕೈಕೊಡುತ್ತದೆ; ಕೊನೆಗೆ ಲಾಟೀನಿನ ಬೆಳಕಿನಲ್ಲಿ ಕೆಲಸ ಮುಗಿಯುತ್ತದೆ. ಹೆಂಡ, ಅಫೀಮುಗಳ ವಿರುದ್ಧ ದೇಶವನ್ನು ಎಬ್ಬಿಸಿದ ಮನುಷ್ಯನ ಜೀವ ಉಳಿದದ್ದು ಅಫೀಮಿನ ಲಾಭದ ಪಾಲೂ ಬೆರೆತ ದಾನದಿಂದೆದ್ದ ಆಸ್ಪತ್ರೆಯಲ್ಲಿ. ಆ ದಾನವನ್ನು ಬೇಡವೆನ್ನುವ ಸ್ಥಿತಿಯಲ್ಲಿ ಯಾವ ರೋಗಿಯೂ ಇರುವುದಿಲ್ಲ. ದುಡ್ಡು ಎಲ್ಲಿಂದ ಬಂತೆಂದು ಕೇಳುವ ಹಕ್ಕು ಚೀನಾದ ಅಫೀಮು ಚಟದವರ ಮನೆಮಂದಿಗಿತ್ತು. ಅವರಿಗಾಗಿ ಡೇವಿಡ್ ಪುಣೆಯಲ್ಲಿ ಏನನ್ನೂ ಕಟ್ಟಿಸಲಿಲ್ಲ.