ಉಮ್ಮನ ನೆಲ

ಹೋದ ಡಿಸೆಂಬರಿನಲ್ಲಿ ಉಮ್ಮನನ್ನು ಊಟಿಗೆ ಕರೆದುಕೊಂಡು ಹೋಗುವಾಗ ತೆಪ್ಪಕಾಡಿನಲ್ಲಿ ಇಳಿದೆವು. ಮೈಸೂರಿನಿಂದ ಬರುವ ರಸ್ತೆ ಇಲ್ಲಿ ಮೋಯಾರ್ ಹೊಳೆಯ ಬದಿಯಲ್ಲಿ ಎರಡಾಗುತ್ತದೆ. ಒಂದು ಗೂಡಲೂರಿಗೆ, ಇನ್ನೊಂದು ಮಸಿನಗುಡಿಗೆ. ಆನೆ ಶಿಬಿರದಲ್ಲಿ ಮಾವುತರು ರಾಗಿ, ಹುರುಳಿಯ ಉಂಡೆಗಳನ್ನು ಆನೆಗಳ ಬಾಯಿಗೆ ಇಡುತ್ತಿದ್ದರು. ಮಕ್ಕಳು ಅಲ್ಲಿ ನಿಂತರು. ಉಮ್ಮ ಮಾತ್ರ ರಸ್ತೆ ಬದಿಯ ಒಂದು ಚಿಕ್ಕ ಮನೆಯ ಕಡೆ ನಡೆದರು. ಕೆಮ್ಮಣ್ಣು ಸಾರಿಸಿದ ಜಗಲಿ. ಮನೆಯಾಕೆಯನ್ನು ಕೇಳಿ, ಕಾಲು ಮಡಚಿ ಅಲ್ಲೇ ಕೂತುಬಿಟ್ಟರು. ಅರ್ಧ ಗಂಟೆ ಏಳಲಿಲ್ಲ.

ನಾನು ನೋಡುತ್ತಾ ನಿಂತೆ. ಉಮ್ಮನಿಗೆ ಮೊಣಕಾಲು ನೋವು, ಅದಕ್ಕೇ ಮನೆಯಲ್ಲಿ ಕೆಳಗೆ ಕೂರುವುದಿಲ್ಲ ಎಂದು ಆರು ವರ್ಷದಿಂದ ನಂಬಿದ್ದೆ.

"ಮೋನೇ, ನಮ್ಮ ನೆಲವೂ ಹೀಗೇ ಇತ್ತಲ್ಲ," ಎಂದರು ಉಮ್ಮ.

ಆ ನೆಲ ಒಡೆಸಿದ್ದು ನಾನು.

ವಿಟ್ಲದ ಹತ್ತಿರದ ನಮ್ಮ ಮನೆಗೆ ಉಪ್ಪ ರೆಡ್ ಆಕ್ಸೈಡ್ ನೆಲ ಹಾಕಿಸಿದ್ದು 1992ರಲ್ಲಿ. ದಿನಸಿ ಅಂಗಡಿಯ ಉಳಿತಾಯಕ್ಕೆ ಉಮ್ಮ ಬೀಡಿ ಕಟ್ಟಿದ ದುಡ್ಡು ಸೇರಿತ್ತು. ಸಿಮೆಂಟಿಗೆ ಕೆಂಪು ಪುಡಿ ಬೆರೆಸಿ, ಕರಣೆಯಲ್ಲಿ ತಿಕ್ಕಿ, ದಿನಗಟ್ಟಲೆ ನೀರು ನಿಲ್ಲಿಸಿ, ಕೊನೆಗೆ ತೆಂಗಿನೆಣ್ಣೆ ಸವರಿದ ನೆಲ. ಮಧ್ಯಾಹ್ನ ಅದರ ತಂಪಿನಲ್ಲಿ ಗೋಡೆಗೊರಗಿ, ತಡ್ಪೆ ಮಡಿಲಲ್ಲಿಟ್ಟು ಉಮ್ಮ ಬೀಡಿ ಕಟ್ಟುತ್ತಿದ್ದರು. ಉಪ್ಪ ತೀರಿಕೊಂಡ ಮರುವರ್ಷ ತಂಗಿಯ ಮದುವೆ ಬಂತು. ನಾನು ಬಿಳಿ ವಿಟ್ರಿಫೈಡ್ ಟೈಲ್ಸ್, ಬೂದು ಗೋಡೆ, ಬೆಳ್ಳನೆಯ ಎಲ್‌ಇಡಿ ಹಾಕಿಸಿದೆ. ಬಂದವರೆಲ್ಲ ಹೊಗಳಿದರು. ಉಮ್ಮ ಕುರ್ಚಿಗೆ ಹೋದರು.

ಡಿಪ್ಲೊಮಾದಲ್ಲಿ ನಮಗೆ ತುಕ್ಕು ಅಂದರೆ ಶತ್ರು. ಆದರೆ ಕೆಮ್ಮಣ್ಣು, ಕಾವಿ, ನಮ್ಮ ಮುರಕಲ್ಲು, ರೆಡ್ ಆಕ್ಸೈಡ್ ಪುಡಿ, ಎಲ್ಲದರ ಬಣ್ಣವೂ ಅದೇ ಕಬ್ಬಿಣದ ಆಕ್ಸೈಡ್. ಬಾಸೆಲ್ ಮಿಷನ್ 1865ರಲ್ಲಿ ಜೆಪ್ಪುವಿನಲ್ಲಿ ಶುರುಮಾಡಿದ ಕಾರ್ಖಾನೆಯ ಹಂಚು ಸುಟ್ಟಾಗ ಕೆಂಪಾದದ್ದೂ ಮಣ್ಣಿನ ಕಬ್ಬಿಣದಿಂದಲೇ. ನಮ್ಮ ಊರ ಮನೆಗಳ ಬಣ್ಣ ಪೇಟೆಯಿಂದ ತಂದದ್ದಲ್ಲ, ಕಾಲ ಕೆಳಗಿದ್ದದ್ದು.

ಊರಿಗೆ ಬಂದು ಹಾಲ್ ಮುಟ್ಟಲಿಲ್ಲ, ಅಷ್ಟು ದುಡ್ಡಿರಲಿಲ್ಲ. ಜಗಲಿ ಮತ್ತು ಉಮ್ಮನ ಕೋಣೆ ಮಾತ್ರ. ನಾಲ್ಕೂ ಗೋಡೆ ಕೆಂಪಾದರೆ ಕೋಣೆ ಗವಿಯಂತಾಗುತ್ತದೆ. ಒಂದಕ್ಕೆ ಇಟ್ಟಿಗೆ ಬಣ್ಣ, ಉಳಿದದ್ದಕ್ಕೆ ಸುಣ್ಣಕ್ಕೆ ತುಸು ಹಳದಿ ಬೆರೆಸಿದ ಕೆನೆಬಣ್ಣ. ಮೊದಲು ಮೂಲೆಯಲ್ಲಿ ಒಂದು ಅಡಿ ಬಳಿದು ಬೆಳಿಗ್ಗೆ, ಸಂಜೆ, ದೀಪದ ಬೆಳಕಲ್ಲಿ ನೋಡಿದೆವು. ಬೆಳ್ಳನೆಯ ಬಲ್ಬಿನಲ್ಲಿ ಆ ಬಣ್ಣ ಸತ್ತಂತೆ ಕಂಡಿತು. 2700 ಕೆಲ್ವಿನ್ ಎಂದು ಬರೆದ ಹಳದಿ ಬೆಳಕಿನ ಬಲ್ಬ್ ಹಾಕಿದಾಗ ಜೀವ ಬಂತು.

ಕಷ್ಟವಾದದ್ದು ನೆಲ. ಆ ಕೆಲಸ ಗೊತ್ತಿರುವ ಹಿರಿಯ ಮೇಸ್ತ್ರಿಯೊಬ್ಬರನ್ನು ಹುಡುಕಲು ಎರಡು ತಿಂಗಳು ಹಿಡಿಯಿತು. ಒಂದು ದಿನ ನಾನು ನೀರು ನಿಲ್ಲಿಸಲು ಮರೆತೆ. ಜಗಲಿಯ ಮೂಲೆಯಲ್ಲಿ ಕೂದಲೆಳೆಯಂಥ ಬಿರುಕು ಬಿಟ್ಟಿತು. ಮತ್ತೆ ಕಿತ್ತು ಹಾಕಿಸುತ್ತೇನೆ ಎಂದೆ.

"ಬೇಡ," ಎಂದರು ಉಮ್ಮ. "ಉಪ್ಪ ಹಾಕಿಸಿದ್ದರಲ್ಲೂ ಒಂದಿತ್ತು. ನಿನಗೆ ನೆನಪಿಲ್ಲ."

ತಡ್ಪೆ ತಂದು ಅದರ ಪಕ್ಕದಲ್ಲೇ ಕೂತರು.