ಐವತ್ತು ರೂಪಾಯಿಯ ದಂಡ



ಕೆಲವು ವರ್ಷಗಳ ಹಿಂದೆ ನಾನು ಒಂದು ಗ್ರಾಮೀಣ ಧರ್ಮಕೇಂದ್ರದಲ್ಲಿ ಸೇವೆ ಸಲ್ಲಿಸುತ್ತಿದ್ದೆ. ಪಾಲಕ ಸಂತರ ಹಬ್ಬದ ಹಿಂದಿನ ಸಂಜೆ. ಯುವಕರು ತೇರಿಗೆ ಹೂವು ಕಟ್ಟುತ್ತಿದ್ದರು. ಮರುದಿನದ ಊಟಕ್ಕೆಂದು ನಾವೇ ಹೇಳಿ ತರಿಸಿದ ಕೋಳಿಗಳು ಸೈಕಲ್ಲಿನ ಮೇಲೆ ಬಂದವು. ಅವುಗಳ ಕಾಲುಗಳನ್ನು ಜೋಡಿಸಿ ಕಟ್ಟಿ, ಹ್ಯಾಂಡಲಿನ ಎರಡೂ ಬದಿಗೆ ಮತ್ತು ಹಿಂದಿನ ಕ್ಯಾರಿಯರಿಗೆ ತಲೆಕೆಳಗಾಗಿ ತೂಗುಹಾಕಲಾಗಿತ್ತು. ಚಕ್ರದ ಕಡ್ಡಿಗೆ ಸಿಕ್ಕ ರೆಕ್ಕೆಯೊಂದರಿಂದ ರಕ್ತ ತೊಟ್ಟಿಕ್ಕುತ್ತಿತ್ತು. ಇಳಿಸುವಾಗ ಒಂದು ಕೋಳಿ ಆಗಲೇ ಸತ್ತಿತ್ತು. ಬಾಲ್ಯದಿಂದ ಕಂಡ ದೃಶ್ಯವಾದ್ದರಿಂದ ನನಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಧರ್ಮೋಪದೇಶದ ತರಗತಿಗೆ ಬರುತ್ತಿದ್ದ ಹುಡುಗಿಯೊಬ್ಬಳು ಮಾತ್ರ ಹತ್ತಿರ ಬಂದು, "ಫಾದರ್, ಹೀಗೆ ತರಬಾರದು ಅಂತ ಕಾನೂನು ಇಲ್ವಾ?" ಎಂದು ಕೇಳಿದಳು.

"ಮೂಕಪ್ರಾಣಿಗಳ ಮೇಲೆ ದಯೆ ಇರಬೇಕಮ್ಮ" ಎಂದೆ. ಅವಳು ಕಾನೂನನ್ನು ಕೇಳಿದ್ದಳು, ನಾನು ಪ್ರಬೋಧನೆಯನ್ನು ಕೊಟ್ಟು ಕಳುಹಿಸಿದೆ. ಮರುದಿನ ಊಟ ಚೆನ್ನಾಗಿಯೇ ಆಯಿತು.

ಕಾನೂನು ಇದೆಯೆಂಬುದು ನನಗೆ ತಿಳಿದದ್ದು ಬಹಳ ತಡವಾಗಿ, ವಕೀಲರಾದ ವಿಶ್ವಾಸಿಯೊಬ್ಬರಿಂದ. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಅಧಿನಿಯಮ 1960ರಷ್ಟು ಹಳೆಯದು. ಅದರ 11ನೆಯ ಪ್ರಕರಣದ ಪ್ರಕಾರ, ಯಾವುದೇ ಪ್ರಾಣಿಯನ್ನು ಅನಗತ್ಯ ನೋವಾಗುವ ರೀತಿಯಲ್ಲಿ ಸಾಗಿಸುವುದು ಅಪರಾಧ. ಪ್ರಾಣಿ ಎಂದರೆ ಮನುಷ್ಯನ ಹೊರತಾದ ಪ್ರತಿಯೊಂದು ಜೀವಿ, ಕೋಳಿಯೂ ಸೇರಿ. ಮೊದಲ ಅಪರಾಧಕ್ಕೆ ದಂಡ ಹತ್ತು ರೂಪಾಯಿಗೆ ಕಡಿಮೆಯಿಲ್ಲದಂತೆ ಐವತ್ತು ರೂಪಾಯಿಯವರೆಗೆ. ಅಂದು ಅದು ದೊಡ್ಡ ಮೊತ್ತವಾಗಿದ್ದಿರಬಹುದು; ಇಂದು ಒಂದು ಕೋಳಿಯ ಬೆಲೆಗೂ ಸಾಲದು.

ಆ ಕಾನೂನಾದರೂ ತಾನಾಗಿ ಬಂದದ್ದಲ್ಲ. ಕಲಾಕ್ಷೇತ್ರವನ್ನು ಕಟ್ಟಿದ ನೃತ್ಯಕಲಾವಿದೆ ರುಕ್ಮಿಣೀದೇವಿ ಅರುಂಡೇಲ್ ಅವರು 1952ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡರು. ನಾಟ್ಯಕ್ಕೆ ಅನುದಾನ ಕೇಳಿದ್ದರೆ ಯಾರಿಗೂ ಆಶ್ಚರ್ಯವಾಗುತ್ತಿರಲಿಲ್ಲ. ಅವರು ತಂದದ್ದು ಪ್ರಾಣಿಗಳ ಪರವಾದ ಖಾಸಗಿ ಮಸೂದೆಯನ್ನು. ಸರ್ಕಾರವೇ ಮಸೂದೆ ತರುವುದೆಂದು ಪ್ರಧಾನಿ ನೆಹರೂ ಭರವಸೆ ಕೊಟ್ಟ ಮೇಲೆ ಅದನ್ನು ಹಿಂದಕ್ಕೆ ಪಡೆದರು. ಭರವಸೆ ಶಾಸನವಾಗುವ ಹೊತ್ತಿಗೆ ವರ್ಷಗಳೇ ಉರುಳಿದ್ದವು. 1962ರಲ್ಲಿ ಪ್ರಾಣಿ ಕಲ್ಯಾಣ ಮಂಡಳಿ ಸ್ಥಾಪನೆಯಾದಾಗ ಅವರೇ ಅದರ ಮೊದಲ ಅಧ್ಯಕ್ಷೆಯಾದರು.

ಇದನ್ನೆಲ್ಲ ಓದುತ್ತ ಹೋದಂತೆ ನನ್ನನ್ನು ಹೆಚ್ಚು ಕಾಡಿದವನು ನನ್ನಂತೆಯೇ ಒಂದು ಧರ್ಮಕೇಂದ್ರದ ಗುರುವಾಗಿದ್ದ ಮತ್ತೊಬ್ಬ. ಇಂಗ್ಲೆಂಡಿನಲ್ಲಿ ಗೂಳಿಗಳ ಮೇಲೆ ನಾಯಿಗಳನ್ನು ಛೂ ಬಿಡುವ ವಿನೋದವನ್ನು ನಿಲ್ಲಿಸಲು 1800ರಲ್ಲಿ ತಂದ ಮಸೂದೆ ಬಿದ್ದುಹೋಯಿತು. 1809ರಲ್ಲಿ ಲಾರ್ಡ್ ಎರ್ಸ್ಕಿನ್ ತಂದದ್ದು ಮೇಲ್ಮನೆಯನ್ನು ದಾಟಿ ಕೆಳಮನೆಯಲ್ಲಿ ಸೋತಿತು. ಬಳಿಕ ಐರ್ಲೆಂಡಿನ ಗಾಲ್ವೇ ಕ್ಷೇತ್ರದ ರಿಚರ್ಡ್ ಮಾರ್ಟಿನ್ ಎದ್ದುನಿಂತ. ಹುಟ್ಟಿದ್ದು ಕಥೋಲಿಕ ಮನೆತನದಲ್ಲಿ. ಕಥೋಲಿಕರಿಗೆ ಪಾರ್ಲಿಮೆಂಟಿನ ಬಾಗಿಲು ಮುಚ್ಚಿದ್ದ ಕಾಲವಾದ್ದರಿಂದ ತಂದೆ ಅವನನ್ನು ಪ್ರೊಟೆಸ್ಟಂಟನಾಗಿ ಬೆಳೆಸಿದ. ಆದರೂ ಅವನು ಜೀವನವಿಡೀ ಕಥೋಲಿಕರ ಹಕ್ಕುಗಳಿಗಾಗಿ ವಾದಿಸಿದ. 1821ರಲ್ಲಿ ಕುದುರೆಗಳ ರಕ್ಷಣೆಯ ಮಾತು ಬಂದಾಗ, ಕತ್ತೆಗಳನ್ನೂ ಸೇರಿಸೋಣವೆಂದು ಯಾರೋ ಅಂದದ್ದೇ ತಡ, ಸಭೆಗೆ ಸಭೆಯೇ ನಗೆಗಡಲಲ್ಲಿ ಮುಳುಗಿತು. ಮರುವರ್ಷ, 1822ರಲ್ಲಿ, ದನ, ಕುದುರೆ, ಕುರಿ ಮುಂತಾದವನ್ನು ಕ್ರೂರವಾಗಿ ಹೊಡೆಯುವುದು ಶಿಕ್ಷಾರ್ಹವೆಂಬ ಶಾಸನ ಅಲ್ಲಿಯೇ ಅಂಗೀಕಾರವಾಯಿತು. ಮಾರ್ಟಿನ್ ಅಷ್ಟಕ್ಕೇ ಸುಮ್ಮನಾಗಲಿಲ್ಲ. ಬೀದಿಯಲ್ಲಿ ಹೊಡೆಯುವವರನ್ನು ತಾನೇ ಹಿಡಿದು ನ್ಯಾಯಾಲಯಕ್ಕೆ ಒಯ್ಯುತ್ತಿದ್ದ. ತಪ್ಪಿತಸ್ಥ ಬಡವನಾದರೆ ಕೆಲವೊಮ್ಮೆ ದಂಡದಲ್ಲಿ ಪಾಲನ್ನೂ ಕೊಡುತ್ತಿದ್ದನಂತೆ.

ಪುಸ್ತಕದಲ್ಲಿದ್ದ ಕಾನೂನನ್ನು ಬೀದಿಗೆ ಇಳಿಸಬೇಕಾದರೆ ಒಬ್ಬ ಮಾರ್ಟಿನ್ ಸಾಲದೆಂದು ಕಂಡುಕೊಂಡವನು ಆಂಗ್ಲಿಕನ್ ಸಭೆಯ ಗುರು ಆರ್ಥರ್ ಬ್ರೂಮ್. ಅವನ ಕರೆಯ ಮೇರೆಗೆ 1824ರ ಜೂನ್ 16ರಂದು ಲಂಡನ್ನಿನ ಒಂದು ಕಾಫಿಗೃಹದಲ್ಲಿ ಕೆಲವರು ಕೂಡಿ ಪ್ರಾಣಿದಯಾ ಸಂಘವನ್ನು ಸ್ಥಾಪಿಸಿದರು. (ಆ ಕಾಫಿಗೃಹದ ಹೆಸರು ಓಲ್ಡ್ ಸ್ಲಾಟರ್ಸ್! ಸ್ಲಾಟರ್ ಎಂಬುದು ಅದನ್ನು ತೆರೆದವನ ಹೆಸರು. ಆ ಪದಕ್ಕೆ ವಧೆ ಎಂಬ ಅರ್ಥವಿರುವುದು ಕಾಕತಾಳೀಯ.) ಗುಲಾಮಗಿರಿಯ ವಿರುದ್ಧ ಹೋರಾಡಿದ ವಿಲ್ಬರ್‌ಫೋರ್ಸ್ ಸಹ ಅಲ್ಲಿದ್ದರು. ಬ್ರೂಮ್ ತನ್ನ ಧರ್ಮಕೇಂದ್ರದ ಹುದ್ದೆಯನ್ನೂ ಅದರ ಆದಾಯವನ್ನೂ ಬಿಟ್ಟುಕೊಟ್ಟ. ಸ್ಮಿತ್‌ಫೀಲ್ಡ್ ದನದ ಸಂತೆಯ ಮೇಲೆ ಕಣ್ಣಿಡಲು ಸಂಬಳದ ಆಳುಗಳನ್ನು ನೇಮಿಸಿದ. ಸಂಘ ಸಾಲದಲ್ಲಿ ಮುಳುಗಿದಾಗ, 1826ರಲ್ಲಿ, ಆ ಸಾಲಕ್ಕಾಗಿ ಸೆರೆಮನೆ ಸೇರಿದವನೂ ಅವನೇ. ಹಣ ಕೂಡಿಸಿ ಅವನನ್ನು ಬಿಡಿಸಿದವರಲ್ಲಿ ಮಾರ್ಟಿನ್ ಒಬ್ಬ. ಇನ್ನೊಬ್ಬ ಲೂಯಿಸ್ ಗಾಂಪರ್ಟ್ಸ್ ಎಂಬ ಯೆಹೂದ್ಯ. 1840ರಲ್ಲಿ ವಿಕ್ಟೋರಿಯಾ ರಾಣಿ ಸಂಘಕ್ಕೆ ರಾಜಮನ್ನಣೆ ನೀಡುವ ಹೊತ್ತಿಗೆ ಬ್ರೂಮನೂ ಇರಲಿಲ್ಲ, ಮಾರ್ಟಿನನೂ ಇರಲಿಲ್ಲ.

ನಮ್ಮ ಕಥೋಲಿಕರಲ್ಲಿ ಇಂಥವರು ಇರಲೇ ಇಲ್ಲವೆಂದಲ್ಲ. ಜೀವಂತ ಪ್ರಾಣಿಗಳನ್ನು ಕೊಯ್ದು ಮಾಡುವ ಪ್ರಯೋಗಗಳ ವಿರುದ್ಧ 1870ರ ದಶಕದಲ್ಲಿ ಎದ್ದ ಚಳವಳಿಯಲ್ಲಿ ಲಂಡನ್ನಿನ ಕಾರ್ಡಿನಲ್ ಮ್ಯಾನಿಂಗ್ ಅವರು ವೇದಿಕೆಯೇರಿ ಮಾತನಾಡಿದರು. ಆದರೂ ಗುರುಮಠದಲ್ಲಿ ನಾನು ಕಲಿತ ನೀತಿಶಾಸ್ತ್ರದಲ್ಲಿ ಪ್ರಾಣಿಗಳಿಗೆ ಸಿಕ್ಕಿದ್ದು ಸಂತ ತೋಮಾಸ್ ಅಕ್ವಿನಾಸರ ಒಂದು ವಾದದ ಅಂಚು ಮಾತ್ರ: ಪ್ರಾಣಿಗಳೊಡನೆ ಕ್ರೂರನಾದವನು ಮನುಷ್ಯರೊಡನೆಯೂ ಕ್ರೂರನಾದಾನು ಎಂಬುದು. ಪರೀಕ್ಷೆಯಲ್ಲಿ ಅದನ್ನು ಬರೆದು ಅಂಕ ಪಡೆದೆ. ಸಬ್ಬತ್ತಿನ ವಿಶ್ರಾಂತಿಯನ್ನು ಮೋಶೆ ಎತ್ತಿಗೂ ಕತ್ತೆಗೂ ವಿಸ್ತರಿಸಿದ್ದು ಉಪದೇಶದ ಮಾತಾಗಿ ಅಲ್ಲ, ಕಟ್ಟಳೆಯಾಗಿಯೇ ಎಂಬುದು ಆಗ ನನಗೆ ಹೊಳೆದಿರಲಿಲ್ಲ.

ಈಗ ನನ್ನ ತಪ್ಪೊಪ್ಪಿಗೆ. 2022ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಈ ಅಧಿನಿಯಮಕ್ಕೆ ತಿದ್ದುಪಡಿಯ ಕರಡೊಂದನ್ನು ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯವನ್ನು ಆಹ್ವಾನಿಸಿತು. ಆ ಹುಡುಗಿಯ ಪ್ರಶ್ನೆಗೆ ಉತ್ತರ ಬರೆಯುವಂತೆ ಎರಡು ಪುಟಗಳ ಪತ್ರ ಬರೆದೆ. ಕಳುಹಿಸುವ ಮುನ್ನ ಹಿರಿಯ ಗುರುಗಳೊಬ್ಬರಿಗೆ ತೋರಿಸಿದೆ. "ಈ ಕಾಲದಲ್ಲಿ ಇದೆಲ್ಲ ಯಾಕಪ್ಪಾ? ನೀನು ಯಾರ ಕಡೆ ಅಂತ ಕೇಳ್ತಾರೆ" ಎಂದರು. ಅವರ ಅಳುಕು ನಿರಾಧಾರವಾಗಿರಲಿಲ್ಲ. 2020ರ ಗೋಹತ್ಯೆ ನಿಷೇಧ ಶಾಸನದ ಬಳಿಕ ನಮ್ಮ ರಾಜ್ಯದಲ್ಲಿ ಪ್ರಾಣಿರಕ್ಷಣೆ ಎಂದೊಡನೆ, ಇವರು ನಮ್ಮ ತಟ್ಟೆಗೆ ಇಣುಕಲು ಬಂದವರೆಂದು ಅನೇಕರು ಬೆದರುತ್ತಾರೆ. ಮುದಿ ಎತ್ತನ್ನು ಮಾರಲಾಗದ ರೈತನ ಕಷ್ಟವನ್ನು ನಾನೂ ಕಣ್ಣಾರೆ ಕಂಡಿದ್ದೇನೆ. ಆದರೆ 1960ರ ಕಾನೂನು ಆಹಾರಕ್ಕಾಗಿ ಕೊಲ್ಲುವುದನ್ನೇ ನಿಷೇಧಿಸುವುದಿಲ್ಲ. ಧರ್ಮದ ವಿಧಿಗನುಸಾರವಾದ ವಧೆಯನ್ನು ಅದರ 28ನೆಯ ಪ್ರಕರಣ ಅಪರಾಧವೆಂದು ಎಣಿಸುವುದಿಲ್ಲ. ಅದು ಕೇಳುವುದು ಅನಗತ್ಯ ನೋವು ಬೇಡವೆಂದಷ್ಟೆ. ಈ ವ್ಯತ್ಯಾಸವನ್ನು ವಿವರಿಸಿ ಹೇಳಬೇಕಾದವರೇ ನಾವಾಗಿದ್ದೆವು. ನಾನು ಪತ್ರವನ್ನು ಮಡಿಸಿ ಮೇಜಿನ ಡ್ರಾಯರಿನಲ್ಲಿಟ್ಟೆ. ಗಡುವು ಮುಗಿಯಿತು.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ಈಗಿನ ಧರ್ಮಕೇಂದ್ರದಲ್ಲಿ, ಕೋಳಿಗಳನ್ನು ಬುಟ್ಟಿಯಲ್ಲೇ ತರಬೇಕೆಂದು ಹಬ್ಬದ ಸಮಿತಿಗೆ ಹೇಳಿದೆ. ಸೈಕಲ್ಲಿನವನಿಗೆ ಬುಟ್ಟಿಯಲ್ಲಿ ತರಲು ಅನುಕೂಲವಿರಲಿಲ್ಲ. ವ್ಯಾಪಾರ ವ್ಯಾನಿನವನ ಪಾಲಾಯಿತು. ಸೈಕಲ್ಲಿನವನು ಬಂಗಲೆಯ ಮೆಟ್ಟಿಲಿನ ಬಳಿ ನಿಂತು, "ಸ್ವಾಮಿ, ನನ್ನಿಂದ ಏನು ತಪ್ಪಾಯ್ತು?" ಎಂದು ಕೇಳಿದ. ತಪ್ಪು ಅವನೊಬ್ಬನದಲ್ಲ, ವರ್ಷವರ್ಷವೂ ಹಾಗೆಯೇ ತರಿಸಿಕೊಂಡವರು ನಾವು. ಮಾರ್ಟಿನ್ ದಂಡದಲ್ಲಿ ಪಾಲು ಕೊಟ್ಟದ್ದೇಕೆಂದು ಅಂದು ಅರ್ಥವಾಯಿತು. ಆತನ ಸೈಕಲ್ಲಿಗೆ ಎರಡು ಬಿದಿರಿನ ಬುಟ್ಟಿಗಳನ್ನು ಕಟ್ಟಿಸಿಕೊಡಲು ಸಮಿತಿ ಒಪ್ಪಿದೆ. ಖಜಾಂಚಿಗಳು ಸ್ವಲ್ಪ ಗೊಣಗಿದರು.

ನಮ್ಮ ಹಬ್ಬಕ್ಕೆ ಶಾಸಕರನ್ನೂ ಸಂಸದರನ್ನೂ ಕರೆಯುತ್ತೇವೆ, ಶಾಲು ಹೊದಿಸುತ್ತೇವೆ, ಮನವಿ ಕೊಡುತ್ತೇವೆ. ಸಮುದಾಯ ಭವನ ಕೇಳಿದ್ದೇವೆ, ಸ್ಮಶಾನಕ್ಕೆ ಕಾಂಪೌಂಡು ಕೇಳಿದ್ದೇವೆ, ರಸ್ತೆಗೆ ಡಾಂಬರು ಕೇಳಿ ಪಡೆದಿದ್ದೇವೆ. ಜನಪ್ರತಿನಿಧಿಗಳನ್ನು ಕೇಳುವುದು ಹೇಗೆಂದು ನಮಗೆ ಯಾರೂ ಕಲಿಸಬೇಕಾಗಿಲ್ಲ. ಈ ವರ್ಷದ ಮನವಿಯನ್ನು ಸಿದ್ಧಪಡಿಸುವ ಸಭೆ ಮುಂದಿನ ಭಾನುವಾರ ಎರಡನೆಯ ಬಲಿಪೂಜೆಯ ನಂತರ ನಡೆಯಲಿದೆ. ಡ್ರಾಯರಿನಲ್ಲಿದ್ದ ಪತ್ರವನ್ನು ಹೊರತೆಗೆದು ದಿನಾಂಕವನ್ನು ತಿದ್ದಿಟ್ಟಿದ್ದೇನೆ.