ದೋಣಿ ಮತ್ತು ಮೋಡ

ಕಳೆದ ಭಾನುವಾರ ಹಳೇ ಹಾರ್ಡ್ ಡಿಸ್ಕ್ ಖಾಲಿ ಮಾಡೋಣ ಅಂತ ಕೂತಿದ್ದೆ. 'ದೋಣಿ' ಅನ್ನೋ ಫೋಲ್ಡರ್ ಸಿಕ್ಕಿತು. ಇಂಜಿನಿಯರಿಂಗ್ ಕೊನೇ ವರ್ಷ ನಾವು ನಾಲ್ಕು ಜನ ಸೇರಿ ಮಾಡ್ಬೇಕು ಅಂತ ಹೊರಟಿದ್ದ ಗೇಮ್. ಮಳೆಗಾಲದಲ್ಲಿ ಒಂದು ಕಾಗದದ ದೋಣಿ ಮನೆ ಮುಂದಿನ ಚರಂಡಿಯಿಂದ ಕೆರೆವರೆಗೆ ಹೋಗೋದು, ಅಷ್ಟೇ ಕಥೆ. ನಮ್ಮ ಗೈಡ್ ಸಿನಾಪ್ಸಿಸ್ ನೋಡಿ, "ಗೇಮೆಲ್ಲ ಒಂದು ಪ್ರಾಜೆಕ್ಟೇನ್ರೀ? ಹಾಸ್ಪಿಟಲ್ ಮ್ಯಾನೇಜ್‌ಮೆಂಟ್ ಸಿಸ್ಟಮ್ ಮಾಡಿ" ಅಂದ್ರು. ಮಾಡಿದ್ವಿ. ಒಳ್ಳೇ ಮಾರ್ಕ್ಸೂ ಬಂತು. ದೋಣಿ ಮಾತ್ರ ಮೊದಲ ಲೆವೆಲ್ಲಿನಲ್ಲೇ ನಿಂತುಹೋಯ್ತು.

ಆಗ ನೆನಪಾದದ್ದು ಜೆನೋವಾ ಚೆನ್. ಶಾಂಘೈನಲ್ಲಿ ಹುಟ್ಟಿ ಬೆಳೆದು, ಮಾಸ್ಟರ್ಸ್ ಮಾಡಲು ಲಾಸ್ ಏಂಜಲೀಸಿನ ಯೂನಿವರ್ಸಿಟಿ ಆಫ್ ಸದರ್ನ್ ಕ್ಯಾಲಿಫೋರ್ನಿಯಾಕ್ಕೆ ಹೋದಾತ. 2005ರಲ್ಲಿ ಈತ ಸಹಪಾಠಿಗಳ ಜೊತೆ ಸೇರಿ, ಯೂನಿವರ್ಸಿಟಿ ಕೊಟ್ಟ 20,000 ಡಾಲರ್ ಅನುದಾನದಲ್ಲಿ 'ಕ್ಲೌಡ್' ಅನ್ನೋ ಗೇಮ್ ಮಾಡಿದ. ಚಿಕ್ಕಂದಿನಲ್ಲಿ ಚೆನ್‌ಗೆ ಆಸ್ತಮಾ, ಆಸ್ಪತ್ರೆ ಸಹವಾಸ ತಪ್ಪಿದ್ದಲ್ಲ. ಗೇಮಿನಲ್ಲೂ ಆಸ್ಪತ್ರೆ ಮಂಚದ ಮೇಲೆ ಮಲಗಿದ ಒಬ್ಬ ಹುಡುಗ. ಕನಸಲ್ಲಿ ಹಾರ್ತಾನೆ, ಮೋಡಗಳನ್ನ ಒಟ್ಟುಮಾಡ್ತಾನೆ, ಮಳೆ ಸುರಿಸ್ತಾನೆ. ಲಕ್ಷಾಂತರ ಜನ ಡೌನ್‌ಲೋಡ್ ಮಾಡ್ಕೊಂಡ್ರು.

ನಮ್ಮದೂ ಆಸ್ಪತ್ರೆ ಪ್ರಾಜೆಕ್ಟೇ ನೋಡಿ... ನಾವು ಅದರಲ್ಲಿ ಬಿಲ್ ಪ್ರಿಂಟ್ ಮಾಡ್ಸಿದ್ವಿ :)

2006ರಲ್ಲಿ ಚೆನ್ ಮತ್ತು ಸಹಪಾಠಿ ಕೆಲೀ ಸ್ಯಾಂಟಿಯಾಗೊ ಸೇರಿ 'ದಟ್‌ಗೇಮ್‌ಕಂಪನಿ' ಶುರು ಮಾಡಿದ್ರು. ಸೋನಿ ಜೊತೆ ಮೂರು ಗೇಮುಗಳ ಒಪ್ಪಂದ ಆಯ್ತು. ಇನ್ನೇನು, ಕ್ಲೌಡನ್ನೇ ದೊಡ್ಡದಾಗಿ ಮಾಡಿರ್ತಾರೆ ಅಂದ್ಕೊಂಡಿದ್ದೆ. ಇಲ್ಲ! ಮೊದಲ ಗೇಮಿಗೆ ಅದು ಕೈಮೀರಿದ ಕೆಲಸ ಅಂತ ಬದಿಗಿಟ್ರು. ಚೆನ್ ತನ್ನ ಥೀಸಿಸ್‌ಗಾಗಿ ಫ್ಲ್ಯಾಶ್‌ನಲ್ಲಿ ಮಾಡಿದ್ದ 'ಫ್ಲೋ' ಚಿಕ್ಕದಿತ್ತು. ಒಂದು ಪುಟಾಣಿ ಜೀವಿ ನೀರೊಳಗೆ ತಿಂತಾ ತಿಂತಾ ಬೆಳೆಯುತ್ತೆ. ಕಷ್ಟ ಬೇಕಿದ್ರೆ ಆಳಕ್ಕೆ ಇಳೀಬಹುದು, ಸಾಕನ್ನಿಸಿದ್ರೆ ಮೇಲೆ ಬರಬಹುದು. ಅದನ್ನೇ 2007ರಲ್ಲಿ ಪ್ಲೇಸ್ಟೇಷನ್ 3ಕ್ಕೆ ತಂದ್ರು. 2009ರಲ್ಲಿ 'ಫ್ಲವರ್', 2012ರಲ್ಲಿ 'ಜರ್ನಿ'.

ಜರ್ನಿಯ ಕಥೆ ಸುಖದ್ದೇನಲ್ಲ. ಒಂದು ವರ್ಷದಲ್ಲಿ ಮುಗಿಸ್ತೀವಿ ಅಂದಿದ್ದು ಮೂರು ವರ್ಷ ಹಿಡೀತು. ಕೊನೆಗೆ ಕಂಪನಿಯ ದುಡ್ಡೆಲ್ಲ ಖಾಲಿ. ಗೇಮಿಗೆ ಪ್ರಶಸ್ತಿಗಳು ಬಂದವು, ಸಂಗೀತ ಗ್ರ್ಯಾಮಿಗೆ ನಾಮನಿರ್ದೇಶನವಾಯ್ತು. ಆದ್ರೆ ಸ್ಯಾಂಟಿಯಾಗೊ ಸೇರಿ ಹಲವರು ಅಷ್ಟರಲ್ಲಿ ಕಂಪನಿ ಬಿಟ್ಟಿದ್ರು.

2019ರಲ್ಲಿ ಅದೇ ಕಂಪನಿಯಿಂದ ಐಫೋನ್‌ಗೆ 'ಸ್ಕೈ' ಬಂತು. ಅದರಲ್ಲಿ ಮಕ್ಕಳು ಮೋಡಗಳ ನಡುವೆ ಹಾರ್ತಾರೆ... ಕ್ಲೌಡ್ ಆಗಿ ಹದಿನಾಲ್ಕು ವರ್ಷದ ಮೇಲೆ. ಹುಡುಗನನ್ನ ಬದಿಗಿಟ್ಟಿದ್ರೇ ಹೊರತು ಮರೆತಿರಲಿಲ್ಲ ಅಂತ ನನಗನ್ನಿಸೋದು.

ಹೋದ ತಿಂಗಳು ನಮ್ಮ ನಾಲ್ವರಲ್ಲಿ ಒಬ್ಬ ಫೋನ್ ಮಾಡಿ, "ಮಗಾ, ದೋಣಿ ಮುಗ್ಸೋಣ್ವಾ?" ಅಂದಿದ್ದ. ರಿಲೀಸು, ಇಎಂಐ ಅಂತ ಏನೇನೋ ಹೇಳಿ ಮಾತು ಹಾರಿಸಿದ್ದೆ. ಗೈಡ್ ತಡೆದ್ರು ಅಂತ ಇಷ್ಟು ದಿನ ಎಲ್ಲರ ಹತ್ರಾನೂ ಹೇಳ್ಕೊಂಡು ತಿರುಗಿದ್ದೀನಿ. ಡಿಗ್ರಿ ಮುಗಿದು ಏಳು ವರ್ಷ ಆಯ್ತು. ಈ ಏಳು ವರ್ಷ ತಡೆದವರು ಯಾರು?

ಕೆಲಸ ಬಿಟ್ಟು ಕಂಪನಿ ಕಟ್ಟೋ ಧೈರ್ಯ ನನಗಿಲ್ಲ, ಸುಳ್ಳು ಹೇಳಲ್ಲ. ಆದ್ರೆ ಫೋಲ್ಡರ್ ಡಿಲೀಟ್ ಮಾಡಿಲ್ಲ. ಇವತ್ತು ರಾತ್ರಿ ಅವನಿಗೆ ಫೋನ್ ಮಾಡ್ತೀನಿ. ದೋಣಿ ಎರಡನೇ ಲೆವೆಲ್ಲಿಗಾದ್ರೂ ಹೋಗ್ಲಿ.

ನಿಮ್ಮ ಹಾರ್ಡ್ ಡಿಸ್ಕಿನಲ್ಲೂ ಇಂಥದ್ದೊಂದು ಫೋಲ್ಡರ್ ಇದೆಯಾ?